ಪೋಸ್ಟ್‌ಮಾರ್ಟಂ ವರದಿ ಹಿಡ್ಕೊಂಡು ಹಾಡು ಕೇಳಬೇಡಿ

ಮೊನ್ನೆ ಆಫೀಸ್ ಬಸ್ಸಲ್ಲಿ ನಡೆದದ್ದು. ಕಿಟಕಿ ಪಕ್ಕ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ನನ್ನ ಪಾಡಿಗೆ ನಾನು ಹಾಡು ಕೇಳ್ತಾ ಇದ್ದೆ. ಬಹುಶಃ ಮುಖದ ಮೇಲೆ ಸಣ್ಣದೊಂದು ನಗುವೂ ಇತ್ತೇನೋ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ತೀರ್ಥಹಳ್ಳಿ ಕಡೆಯವನು, ನನ್ನ ಮೊಬೈಲಿನತ್ತ ಬಗ್ಗಿ ನೋಡಿ, "ಓ, ನಿಕ್ ಡ್ರೇಕ್! ಸೂಸೈಡ್ ಮಾಡ್ಕೊಂಡ್ನಲ್ಲ, ಅವ್ನು ತಾನೆ? ಬೆಳಿಗ್ಗೆ ಬೆಳಿಗ್ಗೆ ಯಾಕೆ ಮಾರಾಯ ಇಂಥದ್ದೆಲ್ಲ ಕೇಳ್ತೀಯ? ಏನಾದ್ರೂ ತೊಂದ್ರೆನಾ?" ಅಂದ.

"ನೀನು ಕೇಳಿದೀಯಾ ಇವನ ಹಾಡು?" ಅಂದೆ.

"ಇಲ್ಲಪ್ಪ. ಎಲ್ಲೋ ಓದಿದ್ದು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾಕೆ ಗೊತ್ತಾ? ಆ ಹೊತ್ತಿಗೆ ನನ್ನ ಕಿವಿಯಲ್ಲಿ ಇದ್ದದ್ದು 'ಹೇಜಿ ಜೇನ್ 2'. ಕಹಳೆಗಳು ಮೊಳಗ್ತಾ, ಡ್ರಮ್ಸ್ ಕುಣೀತಾ, ಪದಗಳು ಒಂದರ ಮೇಲೊಂದು ಬಿದ್ದು ಓಡುವ ಹಾಡು. ಅದನ್ನ ಕೇಳಿ ಅಳೋಕೆ ವಿಶೇಷ ತರಬೇತಿಯೇ ಬೇಕು :)

ತಪ್ಪು ಅವನೊಬ್ಬನದ್ದೇ ಅಲ್ಲ ಬಿಡಿ. ನಿಕ್ ಡ್ರೇಕ್ ಅನ್ನುವ ಇಂಗ್ಲಿಷ್ ಹಾಡುಗಾರನ ಬಗ್ಗೆ ಎಲ್ಲೇ ಓದಿದರೂ ಮೊದಲ ಸಾಲಲ್ಲೇ ಅವನ ಸಾವು ಬರುತ್ತದೆ. ನನಗೂ ಅವನು ಪರಿಚಯ ಆದದ್ದು ಹಾಗೇ. ಒಂದು ಹಾಡಿನ ಆ್ಯಪ್‌ನಲ್ಲಿ ಮಳೆಗಾಲದ ದುಃಖದ ರಾತ್ರಿಗಳಿಗೆ ಅನ್ನೋ ಥರದ ಒಂದು ಪಟ್ಟಿ ಇತ್ತು. ಕೆಲಸ ಮುಗಿಯದೇ ಕೂತಿದ್ದ ಒಂದು ರಾತ್ರಿ ಅದನ್ನೇ ಹಾಕಿಕೊಂಡಿದ್ದೆ. ನಾಲ್ಕೈದು ಗೋಳಿನ ಹಾಡು ಆದಮೇಲೆ 'ಒನ್ ಆಫ್ ದೀಸ್ ಥಿಂಗ್ಸ್ ಫಸ್ಟ್' ಅಂತ ಒಂದು ಶುರುವಾಯ್ತು. ಗಿಟಾರಿನ ಹಿಂದೆ ಪಿಯಾನೋ, ಪಿಯಾನೋ ಹಿಂದೆ ಗಿಟಾರು, ಮಕ್ಕಳು ಮುಟ್ಟಾಟ ಆಡಿದ ಹಾಗೆ. ಅದರ ಮಧ್ಯೆ ಒಬ್ಬ ಹುಡುಗ ಮೆಲ್ಲಗೆ, ಯಾರಿಗೂ ತೊಂದರೆ ಆಗಬಾರದು ಅನ್ನೋ ಹಾಗೆ, ತಾನು ಏನೇನು ಆಗಬಹುದಿತ್ತು ಅಂತ ಪಟ್ಟಿ ಮಾಡ್ತಾ ಹೋಗ್ತಾನೆ. ಇಂಜಿನಿಯರಿಂಗ್ ಓದಿದ ನಮಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು ಆ ಹಾಡು? :) ಕೆಲಸ ಅಲ್ಲಿಗೇ ಬಿಟ್ಟು, ಆ ಹಾಡು ಇರುವ ಆಲ್ಬಮ್ ಹುಡುಕಿದೆ. 'ಬ್ರೈಟರ್ ಲೇಟರ್'. 1971ರದ್ದು. ಹತ್ತು ತುಣುಕು, ಎಲ್ಲಾ ಸೇರಿ ನಲವತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಆ ರಾತ್ರಿ ಎರಡು ಸಲ ಪೂರ್ತಿ ಕೇಳಿದೆ.

ಹೆಸರೇ ನೋಡಿ. ಸದ್ಯಕ್ಕೆ ಮೋಡ, ಆಮೇಲೆ ಬಿಸಿಲು ಬರುತ್ತೆ ಅಂತ ಇಂಗ್ಲೆಂಡಿನ ಹವಾಮಾನ ವರದಿಯವರು ಹೇಳುವ ಮಾತಿನ ಥರ ಇದೆ. ಅದರ ಕಾಗುಣಿತವನ್ನ ಬೇಕಂತಲೇ ತಮಾಷೆಗೆ ತಿರುಚಿ ಇಟ್ಟ ಹೆಸರು. ಸಾಯೋಕೆ ಹೊರಟವನು ಇಡೋ ಹೆಸರಾ ಇದು?

ಒಳಗಿರೋದನ್ನ ಸ್ವಲ್ಪ ಹೇಳ್ತೀನಿ. ರೆಕಾರ್ಡ್ ಆದದ್ದು 1970ರಲ್ಲಿ, ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ. ನಿರ್ಮಾಪಕ ಜೋ ಬಾಯ್ಡ್, ಧ್ವನಿ ಇಂಜಿನಿಯರ್ ಜಾನ್ ವುಡ್. ನಿಕ್‌ಗೆ ಆಗ ಇಪ್ಪತ್ತೆರಡರ ಆಸುಪಾಸು. ಜೊತೆಗೆ ನುಡಿಸಿದವರು ಸಾಮಾನ್ಯದವರಲ್ಲ. ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನುವ ಜಾನಪದ-ರಾಕ್ ತಂಡದ ಡೇವ್ ಪೆಗ್ ಬೇಸ್ ಗಿಟಾರಿಗೆ, ಡೇವ್ ಮ್ಯಾಟಾಕ್ಸ್ ಡ್ರಮ್ಸಿಗೆ. ಆ ತಂಡದ ರಿಚರ್ಡ್ ಥಾಂಪ್ಸನ್ ಒಂದು ಹಾಡಿಗೆ ಗಿಟಾರು. ಪಿಟೀಲು, ಕಹಳೆಗಳ ಜೋಡಣೆ ರಾಬರ್ಟ್ ಕಿರ್ಬಿಯದ್ದು. ಈ ಕಿರ್ಬಿ ಕೇಂಬ್ರಿಡ್ಜ್‌ನಲ್ಲಿ ನಿಕ್‌ನ ಸ್ನೇಹಿತ. 1969ರ ಮೊದಲ ಆಲ್ಬಮ್ 'ಫೈವ್ ಲೀವ್ಸ್ ಲೆಫ್ಟ್' ಮಾಡುವಾಗ ಪಳಗಿದ ಸಂಯೋಜಕನೊಬ್ಬನನ್ನ ಕರೆಸಿದ್ದರು. ಅವನ ಕೆಲಸ ಒಗ್ಗಲಿಲ್ಲ. ಆಗ, ತನ್ನ ಸ್ನೇಹಿತ ಕಿರ್ಬಿ ಮಾಡಲಿ ಅಂತ ಹೇಳಿ ತಂದವನು ಇದೇ ನಾಚಿಕೆ ಸ್ವಭಾವದ ಹುಡುಗ! ಮಾತು ಕಡಿಮೆ ಇದ್ದಿರಬಹುದು. ಸಂಗೀತದ ವಿಷಯಕ್ಕೆ ಬಂದರೆ ಅವನಿಗೆ ಏನು ಬೇಕು ಅಂತ ಚೆನ್ನಾಗಿ ಗೊತ್ತಿತ್ತು.

'ನಾರ್ದರ್ನ್ ಸ್ಕೈ' ಅಂತ ಒಂದು ಹಾಡಿದೆ. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದಲ್ಲಿದ್ದ ಜಾನ್ ಕೇಲ್ ಅದರಲ್ಲಿ ಸೆಲೆಸ್ಟಾ, ಪಿಯಾನೋ, ಆರ್ಗನ್ ಮೂರನ್ನೂ ನುಡಿಸಿದ್ದಾನೆ. ಸೆಲೆಸ್ಟಾ ಅಂದರೆ ನೋಡೋಕೆ ಪುಟ್ಟ ಪಿಯಾನೋ ಥರ, ಒಳಗೆ ತಂತಿ ಬದಲು ಲೋಹದ ಪಟ್ಟಿಗಳು, ಮೆಲ್ಲಗೆ ಗೆಜ್ಜೆ ಅಲ್ಲಾಡಿಸಿದ ಹಾಗೆ ಸದ್ದು. ಈ ಹಾಡು ಒಬ್ಬ ಮನುಷ್ಯ ಪ್ರೀತಿಗೆ ಬಿದ್ದು ಆಕಾಶ ನೋಡಿ ಬೆರಗಾದದ್ದು, ಅಷ್ಟೇ. ಅದರಲ್ಲಿ ಸಾವು ಹುಡುಕೋರಿಗೆ ದೊಡ್ಡ ನಮಸ್ಕಾರ.

ಇನ್ನು 'ಪೂರ್ ಬಾಯ್'. ಆರು ನಿಮಿಷದ ಹಾಡು. ದಕ್ಷಿಣ ಆಫ್ರಿಕಾದ ಕ್ರಿಸ್ ಮೆಕ್‌ಗ್ರೆಗರ್ ಜಾಸ್ ಪಿಯಾನೋ ನುಡಿಸಿದ್ದಾನೆ. ಹಿಂದೆ ಪ್ಯಾಟ್ ಅರ್ನಾಲ್ಡ್, ಡೋರಿಸ್ ಟ್ರಾಯ್ ಅನ್ನುವ ಇಬ್ಬರು ಗಾಯಕಿಯರು ಚರ್ಚಿನ ಭಜನೆ ಥರದ ತುಂಬು ದನಿಯಲ್ಲಿ ಈ ಬಡಪಾಯಿ ಹುಡುಗನ ಮೇಲೆ ಅಯ್ಯೋ ಪಾಪ ಅಂತ ಕನಿಕರ ಸುರಿಸ್ತಾರೆ. ನನ್ನ ಕಿವಿಗೆ ಅದು ಶುದ್ಧ ಗೇಲಿ. ತನ್ನ ಮೇಲೆ ತಾನೇ ಕನಿಕರಪಡೋನನ್ನ ಅವನೇ ನಿಲ್ಲಿಸಿ ತಮಾಷೆ ಮಾಡ್ತಿದ್ದಾನೆ. ಅಂದರೆ ಈಗ ನಾವು ಮಾಡ್ತಿರೋ ಕೆಲಸಕ್ಕೆ ಅವನು 1970ರಲ್ಲೇ ಉತ್ತರ ಕೊಟ್ಟಾಗಿದೆ. ನಮಗೆ ಕೇಳಿಸಿಲ್ಲ ಅಷ್ಟೇ.

ಈಗ ಕಥೆಗೆ ಬರ್ತೀನಿ, ಯಾಕಂದ್ರೆ ಅದನ್ನ ಮುಚ್ಚಿಡೋಕೂ ಆಗಲ್ಲ. ನಿಕ್ ಹುಟ್ಟಿದ್ದು 1948ರಲ್ಲಿ, ಬರ್ಮಾದ ರಂಗೂನಿನಲ್ಲಿ. ಅಪ್ಪ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಇಂಜಿನಿಯರ್. ಅಮ್ಮ ಮಾಲಿ ಮನೆಯಲ್ಲಿ ಪಿಯಾನೋ ಮುಂದೆ ಕೂತು ತನ್ನದೇ ಹಾಡು ಕಟ್ಟಿ ಹಾಡ್ತಿದ್ದಳು. ನಿಕ್ ಮೂರು ಆಲ್ಬಮ್ ಮಾಡಿದ. ಬಿಡುಗಡೆಯಾದ ಕಾಲಕ್ಕೆ ಒಂದೂ ಐದು ಸಾವಿರ ಪ್ರತಿ ದಾಟಲಿಲ್ಲ ಅಂತ ಹೇಳ್ತಾರೆ. ಜನರ ಮುಂದೆ ಹಾಡೋಕೆ ಅವನಿಗೆ ಆಗ್ತಿರಲಿಲ್ಲ. ಖಿನ್ನತೆ ಜೋರಾಯ್ತು. 1974ರ ನವೆಂಬರ್‌ನಲ್ಲಿ, 26ನೇ ವಯಸ್ಸಿನಲ್ಲಿ, ತಂದೆ ತಾಯಿಯ ಮನೆಯಲ್ಲೇ ತೀರಿಕೊಂಡ. ವಿಚಾರಣೆಯಲ್ಲಿ ಆತ್ಮಹತ್ಯೆ ಅಂತ ಬರೆದರು. ಅದು ಆಕಸ್ಮಿಕ ಇರಬಹುದು ಅಂತ ನಂಬಿದವರೂ ಅವನ ಹತ್ತಿರದವರಲ್ಲಿ ಇದ್ದರು. ಇಪ್ಪತ್ತೈದು ವರ್ಷ ಕಳೆದ ಮೇಲೆ, 1999ರ ಕೊನೆಯಲ್ಲಿ, ಅಮೆರಿಕದಲ್ಲಿ ಒಂದು ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿಗೆ ಅವನ 'ಪಿಂಕ್ ಮೂನ್' ಬಳಸಿದಾಗ ಜನ ಅಂಗಡಿಗೆ ಹೋಗಿ ಅವನ ಆಲ್ಬಮ್ ಕೇಳಿದರು.

ದುಃಖದ ಕಥೆಯೇ. ಇಲ್ಲ ಅನ್ನಲ್ಲ. ನನ್ನ ತಕರಾರು ಏನಂದ್ರೆ, ನಾವು ಆ ಕಥೆಯನ್ನ ಹಿಂದಿನಿಂದ ಮುಂದಕ್ಕೆ ಓದ್ತಾ ಇದ್ದೀವಿ. ಆಲ್ಬಮ್ ಬಂದದ್ದು 1971, ಸತ್ತದ್ದು 1974. ಹಾಡು ಬರೀವಾಗ ಅವನಿಗೆ 1974 ಗೊತ್ತಿರಲಿಲ್ಲ. ನಮಗೆ ಗೊತ್ತು, ಅದಕ್ಕೇ ಪ್ರತಿ ಪದದಲ್ಲೂ ಸುಳಿವು ಕಾಣುತ್ತೆ. ನಮ್ಮ ಕೆಲಸದಲ್ಲಿ ಇದು ದಿನಾ ಆಗುತ್ತೆ. ಸರ್ವರ್ ಬಿದ್ದುಹೋದ ಮೇಲೆ ಲಾಗ್ ತೆಗೆದು ನೋಡಿದರೆ, ಹಿಂದಿನ ವಾರದ ಪ್ರತಿ ವಾರ್ನಿಂಗೂ ಅಪರಾಧಿ ಥರ ಕಾಣುತ್ತೆ. "ನೋಡಿ, ಇಲ್ಲೇ ಇತ್ತು, ಯಾರೂ ನೋಡಲಿಲ್ಲ" ಅಂತ ಮ್ಯಾನೇಜರ್ ಬೆರಳು ತೋರಿಸ್ತಾನೆ. ಅದೇ ವಾರ್ನಿಂಗ್ ಎರಡು ವರ್ಷದಿಂದ ಬರ್ತಾ ಇತ್ತು, ಸರ್ವರ್ ಚೆನ್ನಾಗೇ ಓಡ್ತಾ ಇತ್ತು ಅನ್ನೋದು ಯಾರಿಗೂ ನೆನಪಿರಲ್ಲ.

ಇದರ ಜೊತೆಗೇ ಇನ್ನೊಂದು ಪಂಗಡ ಇದೆ. ಸ್ವಲ್ಪ ಹೆಚ್ಚು ಕೇಳಿದವರು. ಅವರ ಪ್ರಕಾರ ನಿಜವಾದ ನಿಕ್ ಡ್ರೇಕ್ ಇರೋದು 1972ರ 'ಪಿಂಕ್ ಮೂನ್'ನಲ್ಲಿ ಮಾತ್ರ. ಹೆಚ್ಚೂಕಡಿಮೆ ಬರೀ ಗಿಟಾರು, ದನಿ, ಎರಡೇ ರಾತ್ರಿಯಲ್ಲಿ ಮುಗಿದ 28 ನಿಮಿಷದ ರೆಕಾರ್ಡು. 'ಬ್ರೈಟರ್ ಲೇಟರ್' ಅವರಿಗೆ ಅತಿ ಅಲಂಕಾರ, ಮಾರಾಟಕ್ಕೆ ಮಾಡಿದ ಸಿಹಿ. ಅವನಿಗೇ ಇದು ತೃಪ್ತಿ ಕೊಡಲಿಲ್ಲವಂತೆ, ಮುಂದಿನದ್ದು ಒಬ್ಬನೇ ಮಾಡ್ತೀನಿ ಅಂದನಂತೆ ಅಂತ ಸಾಕ್ಷಿ ತರ್ತಾರೆ. ಇರಬಹುದು, ಒಪ್ಪಿದೆ. ಒಂದು ಕೆಲಸ ಮುಗಿಸಿ ಇನ್ನೊಂದು ದಾರಿ ಹಿಡಿಯೋದು ಹಿಂದಿನ ಕೆಲಸಕ್ಕೆ ಕ್ಷಮಾಪಣೆ ಹೇಗಾಗುತ್ತೆ? ಈ ಆಲ್ಬಮ್ಮಿನಲ್ಲಿ ಮಾತಿಲ್ಲದ ಮೂರು ತುಣುಕುಗಳಿವೆ, ಶುರುವಿಗೊಂದು, ನಡುವೆ ಒಂದು, ಕೊನೆಗೊಂದು. ಅವು ಇರಲೇಬೇಕು ಅಂತ ಪಟ್ಟು ಹಿಡಿದವನು ನಿಕ್ಕೇ. 'ಪಿಂಕ್ ಮೂನ್' ನನಗೂ ಇಷ್ಟ. ಆದರೆ ಅತ್ತರೆ ಸತ್ಯ, ನಕ್ಕರೆ ನಾಟಕ ಅನ್ನೋ ಈ ಲೆಕ್ಕಾಚಾರ ಯಾರು ಮಾಡಿಟ್ಟದ್ದು? ಸಂತೋಷವಾಗಿ ಹಾಡಿದಾಗ ಅವನು ಅವನಾಗಿರಲಿಲ್ವಾ?

"ಹಾಗಾದ್ರೆ ಕವಿಯ ಬದುಕು ಗೊತ್ತಿರಲೇಬಾರದಾ?" ಅಂತ ನೀವು ಕೇಳಬಹುದು. ಮಗು ತೀರಿಕೊಂಡಾಗ ಬೇಂದ್ರೆ ಬರೆದ ಪದ್ಯವನ್ನ ಆ ಸಂಗತಿ ಗೊತ್ತಿಲ್ಲದೆ ಓದೋದು ಹೇಗೆ? ಸರಿಯಾದ ಪ್ರಶ್ನೆ. ಆದರೆ ಅಲ್ಲಿ ಸಾವು ಮೊದಲು, ಪದ್ಯ ಆಮೇಲೆ. ಆ ಸಾವು ಪದ್ಯದ ಒಳಗೇ ಕೂತಿದೆ. ಇಲ್ಲಿ ಹಾಡು ಮೊದಲು, ಸಾವು ಆಮೇಲೆ. ಅದನ್ನ ಹಾಡಿನೊಳಗೆ ತಂದು ಕೂರಿಸಿದ್ದು ನಾವು.

ಒಂದು ಹಾಡನ್ನ ತಪ್ಪಾಗಿ ಕೇಳಿದರೆ ಏನು ಗಂಟು ಹೋಗುತ್ತೆ, ಇಷ್ಟು ಕೂಗಾಡೋದ್ಯಾಕೆ ಅನ್ನಿಸ್ತಾ ಇದೆಯಾ? ಹೇಳ್ತೀನಿ.

ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಒಬ್ಬ ಗಿಟಾರು ನುಡಿಸ್ತಿದ್ದ. ಸೊಗಸಾಗಿ ಹಾಡು ಕಟ್ತಿದ್ದ. ಆರನೇ ಸೆಮಿಸ್ಟರಿನಲ್ಲಿ ಅವನು ಮಂಕಾದ. ಊಟ ಬಿಟ್ಟ, ಕ್ಲಾಸು ಬಿಟ್ಟ, ಹಗಲೆಲ್ಲ ಮುಸುಕು ಹಾಕಿಕೊಂಡು ಮಲಗೋದು. ಡಾಕ್ಟರ ಹತ್ತಿರ ಹೋಗೋಣ ಬಾರೋ ಅಂದರೆ ಅವನು ಹೇಳಿದ್ದು ಇಷ್ಟು: "ಬೇಡ ಕಣೋ, ಮಾತ್ರೆ ತಗೊಂಡ್ರೆ ಹಾಡು ಬರಲ್ಲ. ದೊಡ್ಡ ದೊಡ್ಡೋರೆಲ್ಲ ಹೀಗೇ ಇದ್ದಿದ್ದು." ಅವನ ಗೋಡೆ ಮೇಲೆ ಸತ್ತ ಹಾಡುಗಾರರ ಚಿತ್ರಗಳೇ ಇದ್ದವು. ನಾವು ಸ್ನೇಹಿತರೂ ಮುಠ್ಠಾಳರು, ಮೊದಮೊದಲು ಅವನ ಮೌನವನ್ನ ಕಲಾವಿದನ ಲಕ್ಷಣ ಅಂತಲೇ ನೋಡಿದ್ವಿ. ಕೊನೆಗೆ ಅವನ ಅಕ್ಕ ಬಂದು, ಬೈದು, ಕೈಹಿಡಿದು ಕರ್ಕೊಂಡು ಹೋದ್ರು. ಚಿಕಿತ್ಸೆ ಆಯ್ತು. ಎಂಟು ತಿಂಗಳು ಬಿಟ್ಟು ಗಿಟಾರು ಮತ್ತೆ ಗೋಡೆಯಿಂದ ಇಳೀತು. ಮಂಕಾಗಿದ್ದ ಅಷ್ಟೂ ದಿನ ಅವನು ಒಂದೇ ಒಂದು ಹಾಡು ಬರೆದಿರಲಿಲ್ಲ. ಅದನ್ನ ನಾವ್ಯಾರೂ ಗಮನಿಸಿರಲಿಲ್ಲ.

ನಿಕ್ ಡ್ರೇಕ್‌ಗೆ ಆದದ್ದೂ ಅದೇ. 1974ರಲ್ಲಿ ಅವನು ಕೊನೆಯ ಸಲ ಸ್ಟುಡಿಯೋಗೆ ಬಂದಾಗ, ಗಿಟಾರು ನುಡಿಸ್ತಾ ಒಟ್ಟಿಗೇ ಹಾಡೋಕೆ ಅವನಿಂದ ಆಗಲಿಲ್ಲ. ಮೊದಲು ಗಿಟಾರು ರೆಕಾರ್ಡ್ ಮಾಡಿ, ಆಮೇಲೆ ಅದರ ಮೇಲೆ ದನಿ ಕೂರಿಸಬೇಕಾಯ್ತು. ಎರಡು ವರ್ಷದ ಹಿಂದೆ ಎರಡು ರಾತ್ರಿಯಲ್ಲಿ ಒಂದಿಡೀ ಆಲ್ಬಮ್ ಮುಗಿಸಿದ್ದ ಕೈಗಳು ಅವು! ಸಿಕ್ಕಿದ್ದು ಐದು ಹಾಡು. ಖಿನ್ನತೆ ಅವನಿಗೆ ಹಾಡು ಕೊಡಲಿಲ್ಲ ಸ್ವಾಮೀ, ಇದ್ದ ಹಾಡನ್ನ ಕಿತ್ತುಕೊಂಡಿತು. ಕಳ್ಳನಿಗೆ ಗುರುವಿನ ಪಟ್ಟ ಕಟ್ಟಬೇಡಿ.

ಅದಕ್ಕೇ ಕೇಳ್ಕೊಳ್ಳೋದು. ಅವನನ್ನ ರಾತ್ರಿಯ ಗೋಳಿನ ಪಟ್ಟಿಯಿಂದ ಹೊರಗೆ ತನ್ನಿ. 'ಬ್ರೈಟರ್ ಲೇಟರ್' ಅನ್ನ ಒಂದು ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಹಿಡ್ಕೊಂಡು, ಮೊದಲಿಂದ ಕೊನೆವರೆಗೆ ಕೇಳಿ. ಕೊನೆಯ ತುಣುಕಿನ ಹೆಸರೂ 'ಸಂಡೇ' ಅಂತಲೇ. ಕೊಳಲು ನುಡಿಯುತ್ತೆ, ಮಾತಿಲ್ಲ. ಕೇಳಿ ಮುಗಿಸಿದ ಮೇಲೆ ಬೇಕಾದರೆ ಅವನ ಕಥೆ ಓದಿ.

ಅಂದಹಾಗೆ, ಆವತ್ತು ಬಸ್ಸಲ್ಲಿ ಇಯರ್‌ಫೋನಿನ ಒಂದು ತುದಿಯನ್ನ ಆ ತೀರ್ಥಹಳ್ಳಿಯವನ ಕಿವಿಗೆ ಸಿಕ್ಕಿಸಿದೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ಇತ್ತು. 'ನಾರ್ದರ್ನ್ ಸ್ಕೈ' ಮುಗಿಯೋವರೆಗೆ ಅವನು ಮಾತಾಡಲಿಲ್ಲ. ಆಮೇಲೆ, "ಇದು ಲವ್ ಸಾಂಗ್ ಅಲ್ವನಾ ಮಾರಾಯ! ಹೆಸರೇನು ಇದ್ರದ್ದು, ನನ್ನ ಹೆಂಡ್ತಿಗೆ ಕಳಿಸ್ಬೇಕು" ಅಂದ.

ಸತ್ತವನ ಸುದ್ದಿ ಮತ್ತೆ ಎತ್ತಲಿಲ್ಲ :)