ಹಿತ್ತಲ ನಿಂಬೆ ಮದ್ದಲ್ಲವೆ?

ಕಳೆದ ಶ್ರಾವಣದಲ್ಲಿ ಶಿವಮೊಗ್ಗದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಎಲೆಯಲ್ಲಿ ಕೋಸಂಬರಿ ಇರಬೇಕಾದ ಜಾಗಕ್ಕೆ ಗಾಜಿನ ಬಟ್ಟಲೊಂದು ಬಂದು ಕೂತಿತು. ಸೌತೆಕಾಯಿ, ಕ್ಯಾರೆಟ್, ಟೊಮೆಟೊ. ಅದರ ಮೇಲೆ ಆಕೆ ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಬೋರಲು ಮಾಡಿ ಸುರಿದಳು. “ಲೆಮನ್ ಡ್ರೆಸಿಂಗ್, ಟೀಚರ್. ಇದಿಲ್ಲದಿದ್ದರೆ ನಮ್ಮ ಹುಡುಗ ತರಕಾರಿ ಮುಟ್ಟುವುದೇ ಇಲ್ಲ” ಎಂದಳು. ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಚಾಳಿ ನೋಡಿ, ಕನ್ನಡಕ ಏರಿಸಿ ಬಾಟಲಿಯ ಬೆನ್ನು ಓದಿದೆ. ನೀರು, ಎಣ್ಣೆ, ಸಕ್ಕರೆ, ಸಿಟ್ರಿಕ್ ಆಮ್ಲ, ಗಟ್ಟಿಯಾಗಲು ಒಂದು, ಕೆಡದಿರಲು ಇನ್ನೊಂದು. ನಿಂಬೆರಸ ಎಲ್ಲರಿಗಿಂತ ಹಿಂದೆ, ಕೊನೆಯ ಬೆಂಚಿನಲ್ಲಿ ಕೂತಿತ್ತು.

ಅದೇ ವಾರ ಈಸೂರಿನಲ್ಲಿ ಆಕೆಯ ತಾಯಿಯ ಹಿತ್ತಲಲ್ಲಿ ನಿಂಬೆಹಣ್ಣು ಮರದ ಬುಡದಲ್ಲೇ ಬಿದ್ದು ಕೊಳೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಸುತ್ತೇನೆ. ಅಂದು ಅದನ್ನು ತಿಂದೆ.

ಮೊದಲೇ ಹೇಳಿಬಿಡುತ್ತೇನೆ. “ಹೆಂಗಸರು ಸೋಮಾರಿಗಳಾದರು, ಅಜ್ಜಿಯ ಕಾಲವೇ ಚೆಂದ” ಎಂದು ಹಾಡುವವರ ಗುಂಪಿನವಳು ನಾನಲ್ಲ. ಬೆಳಗ್ಗೆ ಡಬ್ಬಿ ಕಟ್ಟಿ, ಬಸ್ಸು ಹಿಡಿದು, ದಿನವಿಡೀ ದುಡಿದು, ಸಂಜೆ ಮತ್ತೆ ಒಲೆ ಮುಂದೆ ನಿಲ್ಲುವ ಕಷ್ಟ ನನಗೆ ಗೊತ್ತು. ಇಡ್ಲಿ ಹಿಟ್ಟನ್ನು ಕೊಂಡು ತರುವವಳನ್ನು ನಾನು ದೂರುವುದಿಲ್ಲ. ರುಬ್ಬುವ ಶ್ರಮ ಉಳಿಯುತ್ತದೆ. ಆದರೆ ನಿಂಬೆಹಣ್ಣು ಹಿಂಡುವುದರಲ್ಲಿ ಉಳಿಯುವ ಶ್ರಮ ಯಾವುದು? ಎರಡು ನಿಮಿಷದ ಕೆಲಸ. ಅದನ್ನು ಉಳಿಸುತ್ತೇವೆಂದು ಹೇಳಿ ಅಂಗಡಿಯವರು ನಮ್ಮಿಂದ ಹಣವನ್ನಷ್ಟೇ ಅಲ್ಲ, ಹಣ್ಣಿನ ಸತ್ವವನ್ನೂ ಕಿತ್ತುಕೊಳ್ಳುತ್ತಿದ್ದಾರೆ.

“ಹುಳಿ ಯಾವುದಾದರೇನು?” ಎನ್ನುತ್ತೀರಿ. ಇದಕ್ಕೆ ಉತ್ತರ ಸಿಕ್ಕಿ ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷವಾಯಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ಒಸಡು ಕೊಳೆತು ನರಳುತ್ತಿದ್ದ ಸ್ಕರ್ವಿ ರೋಗದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಒಂದಕ್ಕೆ ಕಿತ್ತಳೆ ಮತ್ತು ನಿಂಬೆ. ಉಳಿದವರಿಗೆ ಬೇರೆ ಬೇರೆ. ಬೇಗನೆ ಚೇತರಿಸಿಕೊಂಡು ಎದ್ದವರು ಹಣ್ಣು ತಿಂದವರು. ವಿನೆಗರ್ ಹುಳಿ, ಗಂಧಕಾಮ್ಲವೂ ಹುಳಿ. ಆದರೆ ಗುಣ ಮಾಡಿದ್ದು ಹುಳಿಯಲ್ಲ, ಹಣ್ಣಿನೊಳಗಿನ ಸಿ ಜೀವಸತ್ವ. ಅದರ ಹೆಸರು ಗೊತ್ತಾದದ್ದು ಬಹಳ ತಡವಾಗಿ. ಬಾಟಲಿಗೆ ಹಾಕುವ ಸಿಟ್ರಿಕ್ ಆಮ್ಲವನ್ನು ಇಂದು ಹೆಚ್ಚಾಗಿ ಸಕ್ಕರೆಯ ದ್ರಾವಣದಲ್ಲಿ ಒಂದು ಬಗೆಯ ಬೂಷ್ಟು ಬೆಳೆಸಿ ತಯಾರಿಸುತ್ತಾರೆ. ವಿಷವೇನಲ್ಲ. ಆದರೆ ಅದು ಬರೀ ಹುಳಿ. ಅದರಲ್ಲಿ ಸಿ ಜೀವಸತ್ವವಿಲ್ಲ.

ಇಷ್ಟಕ್ಕೆ ಇಷ್ಟು ಸಿಟ್ಟೇಕೆ ಎಂದರೆ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿಯುವ ಹುಡುಗಿಯರನ್ನು ಎತ್ತಿ ಕೂರಿಸುವವಳು ನಾನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತೇವೆ. ಅದು ಬೇಕೇ ಬೇಕು. ಆದರೆ ನಾವು ತಿನ್ನುವ ಸೊಪ್ಪು, ರಾಗಿ, ಹೆಸರುಬೇಳೆಯ ಕಬ್ಬಿಣಾಂಶವನ್ನು ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದ ಜೊತೆ ಸಿ ಜೀವಸತ್ವವಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಹೆಸರುಬೇಳೆ ಕೋಸಂಬರಿಗೆ ನಿಂಬೆ ಹಿಂಡಿದ ಅಜ್ಜಿಗೆ ಇದೆಲ್ಲ ತಿಳಿದಿತ್ತೆಂದು ನಾನು ಬೊಗಳೆ ಬಿಡಲಾರೆ. ಆಕೆ ಹಿಂಡಿದ್ದು ರುಚಿಗೆ. ಆದರೆ ತಿಳಿದ ನಾವು ಅದನ್ನು ಬಿಡುತ್ತಿದ್ದೇವಲ್ಲ! ನಿಂಬೆಯೊಂದರಿಂದಲೇ ರಕ್ತಹೀನತೆ ಹೋಗದು, ವೈದ್ಯರಿಗೆ ತೋರಿಸಲೇಬೇಕು. ಕೈಗೆಟುಕುವ ನೆರವನ್ನು ಕೊಳೆಯಲು ಬಿಡಬೇಡಿ ಎಂದಷ್ಟೇ ನನ್ನ ಮಾತು.

ಮಕ್ಕಳಿಗೆ ಆ ಬಾಟಲಿಯ ರುಚಿಯೇ ಬೇಕೆ? ಮನೆಯಲ್ಲೇ ಮಾಡಿ. ಮುಚ್ಚಳವಿರುವ ಗಾಜಿನ ಬಾಟಲಿಗೆ ಎರಡು ಚಮಚ ನಿಂಬೆರಸ, ನಾಲ್ಕು ಚಮಚ ಕಡಲೆಕಾಯಿ ಎಣ್ಣೆ, ಅರ್ಧ ಚಮಚ ಬೆಲ್ಲದ ಪುಡಿ, ಕಾಲು ಚಮಚ ಉಪ್ಪು, ಕುಟ್ಟಿದ ಕಾಳುಮೆಣಸು, ಚಿಟಿಕೆ ಸಾಸಿವೆ ಪುಡಿ. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ರಸದಲ್ಲಿ ಬೆರೆತು ಮಜ್ಜಿಗೆಯಂತೆ ಮಬ್ಬಾಗುತ್ತದೆ. ಹಾಗೆ ಬೆರೆತಿರಲು ಸಾಸಿವೆ ನೆರವಾಗುತ್ತದೆ. ಇಟ್ಟರೆ ಬೇರೆಯಾದೀತು, ಮತ್ತೆ ಕುಲುಕಿದರಾಯಿತು. ನಿಂಬೆಯನ್ನು ಸಿಪ್ಪೆಯ ಕಹಿ ಇಳಿಯುವಷ್ಟು ಹಿಂಡಬೇಡಿ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಉಪ್ಪಿಗೆ ಸೌತೆಕಾಯಿ ನೀರು ಬಿಡುತ್ತದೆ. ಕೋಸಂಬರಿಗಾದರೆ ಒಗ್ಗರಣೆ ಆರಿದ ಮೇಲೆ ಹಿಂಡಿ. ಕಾವಿಗೆ ಸಿ ಜೀವಸತ್ವ ಹಾಳಾಗುತ್ತದೆ.

“ಬೇಸಿಗೆಯಲ್ಲಿ ನಿಂಬೆಯ ಬೆಲೆ ಕೇಳಿದ್ದೀರಾ?” ಎಂದು ಪೇಟೆಯ ಗೆಳತಿಯರು ಕೇಳುತ್ತಾರೆ. ನಿಜ, ಆಗ ಅದು ಚಿನ್ನ. ಆದರೆ ಆಗಲೇ ಮಾವಿನಕಾಯಿ ಬಂದಿರುತ್ತದಲ್ಲ, ತುರಿದು ಹಾಕಿ. ಚಳಿಗಾಲಕ್ಕೆ ಬೆಟ್ಟದ ನೆಲ್ಲಿಕಾಯಿ ಇದೆ. ಋತುವಿಗೊಂದು ಹುಳಿ ಇರುವ ನಾಡು ನಮ್ಮದು.

1942ರಲ್ಲಿ “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂದು ತನ್ನದೇ ಸರ್ಕಾರ ಸಾರಿದ ಊರಿದು. 1943ರಲ್ಲಿ ಐವರು ನೇಣಿಗೇರಿದರು. ಅವರ ಹೆಸರನ್ನು ನಿಂಬೆಹಣ್ಣಿನ ಜಗಳಕ್ಕೆ ಎಳೆಯುವ ಉದ್ಧಟತನ ನನಗಿಲ್ಲ. ಆದರೆ ಆ ಪಾಠ ಮಾಡಿ ಹೊರಬಂದಾಗ, ಯಾರೂ ಕೇಳದೆಯೇ ನಮ್ಮ ಹಿತ್ತಲನ್ನು ನಾವೇ ಬಿಟ್ಟುಕೊಟ್ಟೆವಲ್ಲ ಎಂದು ಮನಸ್ಸು ಚುಚ್ಚುತ್ತದೆ.

ದಸರಾ ರಜೆಯಲ್ಲಿ ಆಕೆಯ ತಾಯಿ ಕೊಟ್ಟ ಒಂದು ಚೀಲ ನಿಂಬೆ ಹೊತ್ತು ಮತ್ತೆ ಶಿವಮೊಗ್ಗಕ್ಕೆ ಹೋದೆ. ಬಾಟಲಿ ಖಾಲಿಯಾಗಿತ್ತು. ತೊಳೆದು ಒರೆಸಿ ಅದರಲ್ಲೇ ಮಾಡಿದೆವು. ಕುಲುಕುವ ಕೆಲಸ ಹತ್ತು ವರ್ಷದ ಮಗನದು. ಇದು ಅಮ್ಮನ ಕೆಲಸವೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅಂದು ಬಟ್ಟಲಿನ ತರಕಾರಿ ಪೂರಾ ಖಾಲಿಯಾಯಿತು. ಹೊರಡುವಾಗ ಹುಡುಗ ಬಾಗಿಲವರೆಗೆ ಬಂದು ಕೇಳಿದ, “ಅಜ್ಜಿ, ಅಮ್ಮಮ್ಮನ ಮರದಲ್ಲಿ ಇನ್ನೂ ಇದೆಯಾ?”