ಪೈಪಿಗೆ ಇಂಗ್ಲಿಷ್ ಬರುತ್ತದೆಯೇ?

ಇಂಜಿನಿಯರಿಂಗ್ ಓದುವ ಕನ್ನಡದ ಹುಡುಗರೇ, ಕಲ್ಲು ಗುಂಡಿಯಲ್ಲಿ ಓಡುವ ಬಾಹಾ ರೇಸ್ ಕಾರನ್ನು ನೀವೇ ಕಟ್ಟುತ್ತೀರಿ. ಭೇಷ್! ಅದರ ಪೈಪಿನ ಚೌಕಟ್ಟು ಯಾಕೆ ಹಾಗಿದೆ ಎಂದು ನಿಮ್ಮ ಅವ್ವನಿಗೆ ಕನ್ನಡದಲ್ಲಿ ಹೇಳಬಲ್ಲಿರಾ?

1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಸ್ಪರ್ಧೆ 2007ರಲ್ಲಿ ಇಂದೋರ್ ಪಕ್ಕದ ಪೀಥಂಪುರಕ್ಕೆ ಬಂತು. ನಮ್ಮ ಕಾಲೇಜುಗಳ ಹುಡುಗರೂ ಹೋಗುತ್ತಾರೆ. ರಜೆಗೆ ಊರಿಗೆ ಬಂದವರು ಆನವಟ್ಟಿಯ ನನ್ನ ಪ್ರೆಸ್ಸಿಗೆ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ತರುತ್ತಾರೆ. ನೂರು ಪುಟ ಇಂಗ್ಲಿಷ್! ಪಿಯುಸಿ ಓದಿದ ನಾನು ಒಂದು ಪ್ರಶ್ನೆ ಕೇಳಿದರೆ ಬರೆದವನೇ ತಡವರಿಸುತ್ತಾನೆ.

ಇದೇನು ಬ್ರಹ್ಮವಿದ್ಯೆಯೇ? ಕಾರು ಮಗುಚಿದರೆ ಒಳಗಿನ ಹುಡುಗನ ತಲೆ ಉಳಿಯಬೇಕು, ಅಷ್ಟೇ. ಅದಕ್ಕೇ ಮುಖ್ಯ ಪೈಪುಗಳು ಉಕ್ಕಿನವೇ ಆಗಬೇಕು, ಅದರಲ್ಲಿ ಇಂಗಾಲ ಕನಿಷ್ಠ ಶೇ. 0.18 ಇರಬೇಕು ಎಂಬ ನಿಯಮ. 25 ಮಿ.ಮೀ. ಹೊರಸುತ್ತಳತೆಯಲ್ಲ, ಹೊರವ್ಯಾಸ, ಗೋಡೆ 3 ಮಿ.ಮೀ. ಇದ್ದರೆ ಮೀಟರಿಗೆ ಸುಮಾರು 1.6 ಕೆಜಿ ತೂಗುತ್ತದೆ. 32 ಮಿ.ಮೀ. ವ್ಯಾಸ, 1.6 ಮಿ.ಮೀ. ಗೋಡೆಯದು 1.2 ಕೆಜಿ. ಹಗುರವಾದದ್ದೇ ಬಾಗುವುದಕ್ಕೆ ಶೇ. 38ರಷ್ಟು ಹೆಚ್ಚು ತಡೆ ಕೊಡುತ್ತದೆ! ಯಾಕೆ? ಉಕ್ಕು ನಡುವಿನಿಂದ ದೂರ ಸರಿದಷ್ಟೂ ಪೈಪು ಬಾಗಲು ಒಪ್ಪುವುದಿಲ್ಲ. ಆದರೆ ತೆಳು ಗೋಡೆ ಬೇಗ ನೆಗ್ಗುತ್ತದೆ, ಬೆಸುಗೆ ಹಾಕುವಾಗ ತೂತು ಬೀಳುತ್ತದೆ. ಅಲ್ಲಿ ಕಂಪ್ಯೂಟರ್ ಅಲ್ಲ, ವೆಲ್ಡರನ ಕೈ ಬೇಕು.

ನಾಲ್ಕು ಪೈಪಿನ ಚೌಕ ತಳ್ಳಿದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪೈಪು ಕೊಟ್ಟರೆ ಎರಡು ತ್ರಿಕೋನ, ಅಲುಗಾಡದು. ನಮ್ಮೂರಲ್ಲಿ ತೋಟದ ಗೇಟು ಮಾಡುವವನಿಗೆ ಇದು ಗೊತ್ತು. ಅವನು ಕನ್ನಡದಲ್ಲೇ ಯೋಚಿಸುತ್ತಾನೆ. ನೀವು ಅವನಿಂದ ಬೆಸುಗೆ ಹಾಕಿಸಿಕೊಂಡು, ರಿಪೋರ್ಟಿನಲ್ಲಿ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಥ್ಯಾಂಕ್ಸ್ ಹೇಳುತ್ತೀರಿ. ನಾಚಿಕೆಯಾಗುವುದಿಲ್ಲವೇ?

ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಪೀಥಂಪುರದಲ್ಲಿ ತೀರ್ಪುಗಾರರ ಮುಂದೆ ಬೇಕು, ಆಡಿ. ಆದರೆ 2021ರಲ್ಲಿ ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಬಹುದೆಂದು ಎಐಸಿಟಿಇ ಒಪ್ಪಿತು. ಕಲಿಸಲು ಪುಸ್ತಕ ಯಾರು ಬರೆಯಬೇಕು? ಸರ್ಕಾರವೇ? ಕಾದು ಕೂತಿರಿ!

ಚೌಕಟ್ಟು ಕಟ್ಟಿದ ಹುಡುಗರೇ ಬರೆಯಲಿ. ಯಾವ ಪೈಪು, ಎಲ್ಲಿ ಬಾಗಿಸಿದಿರಿ, ಯಾವ ಬೆಸುಗೆ ಬಿಟ್ಟುಹೋಯಿತು, ಎಲ್ಲ. ವೆಲ್ಡಿಂಗ್ ಅನ್ನು ವೆಲ್ಡಿಂಗ್ ಎಂದೇ ಬರೆಯಿರಿ, ಪಂಡಿತರ ಪದಕ್ಕೆ ಕಾಯಬೇಡಿ. ಹದಿನಾರು ಪುಟ ಸಾಕು, ಒಂದು ಫಾರಂ ಆಗುತ್ತದೆ. ಕಾಗದ ನೀವು ತನ್ನಿ. ಅಚ್ಚಿನ ಕೂಲಿ ನನಗೆ ಬೇಡ.