ಫೋಟೊದಿಂದ ಬಯಾಪ್ಸಿಯವರೆಗೆ

ಬಾಯಿ ಕ್ಯಾನ್ಸರ್ ಬಹುಪಾಲು ಸಲ ಮೊದಲೇ ಸುಳಿವು ಕೊಡುತ್ತದೆ. ಕೆನ್ನೆಯ ಒಳಗೆ ಬಿಳಿ ಇಲ್ಲವೇ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬರಬರುತ್ತಾ ಪೂರ್ತಿ ತೆರೆಯಲಾಗದ ಬಾಯಿ. ಟಾರ್ಚ್ ಬೆಳಕಿನಲ್ಲಿ ಬರಿಗಣ್ಣಿಗೇ ಕಾಣುವ ಗುರುತುಗಳಿವು. ಆದರೂ ನಮ್ಮ ಜನರಲ್ಲಿ ಹೆಚ್ಚಿನವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಕಾಯಿಲೆ ಬಲಿತ ಮೇಲೆಯೇ.

ಈ ತಡವನ್ನು ಮೊಬೈಲಿನ ನೆರವಿನಿಂದ ನೀಗಲು ನಮ್ಮ ರಾಜ್ಯದಲ್ಲೇ ಒಂದು ಗಂಭೀರ ಪ್ರಯತ್ನ ನಡೆದಿದೆ. ಡಾ. ಪ್ರವೀಣ್ ಬಿರೂರ್, ಡಾ. ಮೋನಿ ಕುರಿಯಾಕೋಸ್ ಮತ್ತು ಸಂಗಡಿಗರ ‘ಆಂಕೋಗ್ರಿಡ್’ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮತ್ತು ದಂತವೈದ್ಯರು ಬಾಯಿಯ ಫೋಟೊ ತೆಗೆದು ಕಳಿಸಿದರೆ, ದೂರದಲ್ಲಿದ್ದ ತಜ್ಞರು ಅದನ್ನು ನೋಡಿ ತೀರ್ಮಾನ ಹೇಳುತ್ತಿದ್ದರು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ತಪಾಸಣೆಗೊಳಗಾದವರು 3,440 ಮಂದಿ. ಅವರಲ್ಲಿ 2,000 ಜನರನ್ನು ಕಾರ್ಯಕರ್ತೆಯರು ನೋಡಿದ್ದರು, ಉಳಿದವರನ್ನು ದಂತವೈದ್ಯರು. ದಂತವೈದ್ಯರು ಗುರುತಿಸಿ, ತಜ್ಞರು ಒಪ್ಪಿದ 106 ಮಂದಿಯಲ್ಲಿ 61 ಜನ ಬಯಾಪ್ಸಿ, ಅಂದರೆ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿಕೊಂಡರು. ಕಾರ್ಯಕರ್ತೆಯರು ಪತ್ತೆ ಮಾಡಿದವರಲ್ಲಿ ಬಯಾಪ್ಸಿಯ ಅಗತ್ಯ ಖಚಿತವಾದದ್ದು 23 ಮಂದಿಗೆ, ಮಾಡಿಸಿಕೊಂಡವರು ಒಬ್ಬರೇ.

ಈ 23 ಮಂದಿಯ ಮಟ್ಟಿಗೆ ಕ್ಯಾಮೆರಾ, ನೆಟ್‌ವರ್ಕ್, ತಜ್ಞರ ಕಣ್ಣು ಎಲ್ಲವೂ ಕೆಲಸ ಮಾಡಿದ್ದವು. ಮನುಷ್ಯರು ಮಾತ್ರ ಮುಂದಿನ ಬಾಗಿಲನ್ನು ತಲುಪಲಿಲ್ಲ. ಕ್ಯಾನ್ಸರ್ ತಿಳಿವಳಿಕೆಯ ಆ್ಯಪ್ ಮಾಡುವವರೆಲ್ಲ ಮೊದಲು ಈ ಅಂಕಿಯ ಎದುರು ಕೂತು ಯೋಚಿಸಬೇಕು. ನೋವೇ ಇಲ್ಲದ ಮಚ್ಚೆಗಾಗಿ ದಿನಗೂಲಿ ಬಿಟ್ಟು ಆಸ್ಪತ್ರೆಗೆ ಏಕೆ ಹೋಗಬೇಕು? ಬಯಾಪ್ಸಿ ಎಂದರೆ ಏನು ಮಾಡುತ್ತಾರೆ? ಚೂರು ಕತ್ತರಿಸಿದರೆ ಕಾಯಿಲೆ ಹರಡುವುದಿಲ್ಲವೇ? ತಿಳಿವಳಿಕೆ ಬೇಕಾಗುವುದು ಈ ಪ್ರಶ್ನೆಗಳು ಏಳುವ ಗಳಿಗೆಯಲ್ಲಿ.

ಬೆಂಗಳೂರಿನ ಪೂರ್ವಭಾಗದಲ್ಲಿ ಓಡಾಡಿದರೆ ಸುಲಭವಾದ ಆ್ಯಪ್ ಹೇಗಿರಬೇಕೆಂಬುದು ತಾನೇ ಹೊಳೆಯುತ್ತದೆ. ಶಿವಾಜಿನಗರದ ಗಲ್ಲಿಯಲ್ಲಿ ದಖನಿ ಉರ್ದು, ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದ ಸಂತೆಯಲ್ಲಿ ಕನ್ನಡದ ಜೊತೆಗೆ ತೆಲುಗು. ಹಾಗಾಗಿ ಆ್ಯಪ್ ಓದಿಸುವುದಕ್ಕಿಂತ ಹೆಚ್ಚಾಗಿ ಮಾತಾಡಬೇಕು, ಅದೂ ಮನೆಯ ಮಾತಿನಲ್ಲಿ. ಎಷ್ಟೋ ಮನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳಿಗೆಲ್ಲ ಸೇರಿ ಇರುವುದು ಒಂದೇ ಫೋನು. ಸ್ತನದ ಗಂಟು, ಗರ್ಭಕೊರಳಿನ ತಪಾಸಣೆ ಕುರಿತ ಸಂದೇಶ ಪರದೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತಿದ್ದರೆ ಮನೆಯ ಹೆಂಗಸು ಮತ್ತೆ ಅದನ್ನು ತೆರೆಯಲಾರಳು. ಗುಟ್ಕಾ, ಎಲೆಯಡಿಕೆ, ಕಡ್ಡಿಪುಡಿಯ ಬಗ್ಗೆ ಗದರಿಸಿ ಕೇಳಿದರೆ ಯಾರೂ ನಿಜ ಹೇಳಲಾರರು. ‘ಹತ್ತಿರದ ಆಸ್ಪತ್ರೆಗೆ ಭೇಟಿ ನೀಡಿ’ ಎಂಬ ಒಣ ಸಾಲು ಕೂಡ ಸಾಲದು. ಶಿವಾಜಿನಗರದ ಬೌರಿಂಗ್‌ಗೋ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ, ಯಾವ ದಿನ, ಯಾವ ಕೊಠಡಿಗೆ, ಯಾವ ಕಾಗದ ಹಿಡಿದು ಹೋಗಬೇಕು ಎಂಬಷ್ಟೂ ಅದರಲ್ಲಿರಬೇಕು.

ಮೂವತ್ತರಿಂದ ಅರವತ್ತೈದು ವರ್ಷ ವಯಸ್ಸಿನ ಎಲ್ಲರ ಬಾಯಿಯನ್ನೂ, ಹೆಂಗಸರಾದರೆ ಸ್ತನ ಮತ್ತು ಗರ್ಭಕೊರಳನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ವಿವರ ತುಂಬಿಸಿಕೊಳ್ಳುತ್ತಾರೆ. ಅವರ ಬೆವರು ಸಾರ್ಥಕವಾಗಬೇಕಾದರೆ ಆ್ಯಪ್‌ನ ಯಶಸ್ಸನ್ನು ಡೌನ್‌ಲೋಡ್‌ಗಳಲ್ಲಿ ಎಣಿಸುವುದನ್ನು ಬಿಡಬೇಕು. ಸಂಶಯ ಬಂದ ಪ್ರತಿಯೊಬ್ಬರ ಹೆಸರೂ ಬಯಾಪ್ಸಿಯ ವರದಿ ಕೈಸೇರುವವರೆಗೆ ಕಾರ್ಯಕರ್ತೆಯ ಪಟ್ಟಿಯಿಂದ ಅಳಿಯಬಾರದು. ಜೊತೆಗೆ ಹೋಗುವವರಿಲ್ಲದವರನ್ನು ಕರೆದೊಯ್ದದ್ದಕ್ಕೆ ಆಕೆಗೆ ಬಸ್ ಖರ್ಚೂ ಭತ್ಯೆಯೂ ಸಿಗಬೇಕು. ಸರ್ಕಾರ ಹಣ ಕೊಡುವ ಪ್ರತಿ ಆರೋಗ್ಯ ಆ್ಯಪ್‌ನ ಕರಾರಿನಲ್ಲೂ ಈ ಎರಡು ಷರತ್ತುಗಳನ್ನು ಬರೆಯಲಿ.